ಮೇ ತಿಂಗಳಲ್ಲಿ ಹರಿಯುವ ಚರಂಡಿ: ಪೊವಾಯಿ ಕೆರೆಯಲ್ಲಿ ನನ್ನ ಅನುಭವ

ಮುಂಬೈನ ಪೊವಾಯಿಯಲ್ಲಿ ಎಲ್ಲರೂ 'ಲೇಕ್' ಅಂತಾರೆ. ನನಗೆ ಮಾತ್ರ ಅದು ಮೊದಲ ದಿನದಿಂದಲೂ ಕೆರೆ. ನಮ್ಮೂರು ಹಾವೇರಿ ಕಡೆ. ಏರಿ ಇದ್ದು ಕೋಡಿ ಇದ್ದರೆ ಅದು ಕೆರೆಯೇ ಅಲ್ವಾ? ಇದಕ್ಕೆ ಎರಡೂ ಇವೆ. ಬ್ರಿಟಿಷರ ಕಾಲದಲ್ಲಿ, 1890ರಲ್ಲಿ, ಮುಂಬೈಗೆ ಕುಡಿಯುವ ನೀರು ಬೇಕೆಂದು ಕಟ್ಟಿಸಿದ್ದು. ಆಮೇಲೆ ಈ ನೀರು ಕುಡಿಯಲು ಆಗುವುದಿಲ್ಲ ಅಂತ ಬಿಟ್ಟರು. ಈಗ ಆರೆ ಕಾಲೊನಿಗೆ, ಕಾರ್ಖಾನೆಗಳ ಬಳಕೆಗೆ ಹೋಗುತ್ತದೆ. ತುಂಬಿದರೆ 545 ಕೋಟಿ ಲೀಟರ್ ಹಿಡಿಯುವ ಕೆರೆ ಇದು, ಸಣ್ಣದೇನಲ್ಲ. ಮಳೆಗಾಲದಲ್ಲಿ ಕೋಡಿ ಬಿದ್ದ ನೀರು ಮಿಠಿ ನದಿ ಸೇರಿ ಮಾಹಿಮ್ ಹತ್ತಿರ ಸಮುದ್ರಕ್ಕೆ ಇಳಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದು ಮಿಠಿ ಉಕ್ಕಿತಲ್ಲ, ಆ ರಾತ್ರಿ ನನ್ನ ಗಂಡ ಕುರ್ಲಾದಿಂದ ನಡೆದುಕೊಂಡು ಮನೆಗೆ ಬಂದರು. ನಮ್ಮ ಕಿಟಕಿಯಿಂದ ಕಾಣುವ ಕೆರೆಗೂ ಅವರು ಎದೆಮಟ್ಟ ದಾಟಿ ಬಂದ ನೀರಿಗೂ ಸಂಬಂಧ ಇದೆ ಅಂತ ನನಗೆ ಹೊಳೆದದ್ದು ಆಗಲೇ.

ನಮ್ಮದು ದೊಡ್ಡ ಸಂಸ್ಥೆ ಅಲ್ಲ. ಅಕ್ಕಪಕ್ಕದ ಕೆಲವು ಸೊಸೈಟಿಗಳವರು, ಅಂದರೆ ಅಪಾರ್ಟ್‌ಮೆಂಟಿನವರು, ಸೇರಿ ಮಾಡಿಕೊಂಡ ಸಂಘ. ಒಬ್ಬರು ನಿವೃತ್ತ ಎಂಜಿನಿಯರ್, ಒಂದಿಷ್ಟು ಕಾಲೇಜು ಹುಡುಗರು, ಹೋಟೆಲಿನ ಶೆಟ್ರು, ನಾನು, ಮತ್ತೆ ಬಿಡುವಾದಾಗ ಬರುವ ಹತ್ತಿಪ್ಪತ್ತು ಜನ. ಭಾನುವಾರ ಬೆಳಿಗ್ಗೆ ಆರಕ್ಕೆ ಸೇರುವುದು. ಶೆಟ್ರು ಚಹಾ ಕಳಿಸುತ್ತಾರೆ, ಎಷ್ಟು ಹೇಳಿದರೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮೊದಲ ಕೆಲವು ವರ್ಷ ನಾವು ಮಾಡಿದ್ದು ಒಂದೇ ಕೆಲಸ, ಕಳೆ ಎಳೆಯುವುದು. ಊರಲ್ಲಿ ಅಂತರಗಂಗೆ ಅಂತೀವಲ್ಲ, ಇಲ್ಲಿ ಮರಾಠಿಯಲ್ಲಿ ಜಲಪರ್ಣಿ ಅಂತಾರೆ. ನೇರಳೆ ಹೂ ಬಿಟ್ಟಾಗ ನೋಡಲು ಚಂದ. ಆದರೆ ಎರಡು ವಾರ ಬಿಟ್ಟರೆ ಇದ್ದದ್ದು ಎರಡು ಪಟ್ಟು ಆಗಿರುತ್ತದೆ. ಕೆರೆಯಲ್ಲಿ ಮೊಸಳೆಗಳಿವೆ, ಹಾಗಾಗಿ ನಾವು ಯಾರೂ ನೀರಿಗೆ ಇಳಿಯುವುದಿಲ್ಲ. ಉದ್ದನೆಯ ಬಿದಿರಿಗೆ ಕಬ್ಬಿಣದ ಕೊಕ್ಕೆ ಕಟ್ಟಿ ದಡದಿಂದಲೇ ಎಳೆಯುತ್ತೇವೆ. ಈ ಕೆಲಸ ಮಾಡುವವರಿಗೆ ಎರಡು ಮಾತು ಹೇಳಬೇಕು. ಎಳೆದದ್ದನ್ನು ನೀರಿನ ಪಕ್ಕದಲ್ಲೇ ರಾಶಿ ಹಾಕಬೇಡಿ. ನಾವು ಹಾಗೆ ಮಾಡಿದ್ದೆವು. ಮೊದಲ ಮಳೆಗೆ ಅದು ಕೊಳೆತು, ಅದರ ಸಾರವೆಲ್ಲ ವಾಪಸ್ ಕೆರೆಗೇ ಇಳಿಯಿತು. ಆ ಗಿಡದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಹಸಿಯಾಗಿ ಟೆಂಪೋಗೆ ತುಂಬಿದರೆ ನೀರು ಸಾಗಿಸಲು ಬಾಡಿಗೆ ಕೊಟ್ಟ ಹಾಗೆ. ಎತ್ತರದ ಜಾಗದಲ್ಲಿ ಹರಡಿ ಒಣಗಿಸಿ, ಆಮೇಲೆ ಗೊಬ್ಬರಕ್ಕೆ ಕಳಿಸಿ.

ಇನ್ನೊಂದು ಮಾತು ಹೇಳುವಾಗ ಈಗಲೂ ಸಂಕಟ ಆಗುತ್ತದೆ. ಒಂದು ಜುಲೈನಲ್ಲಿ ಹುಮ್ಮಸ್ಸಿನಿಂದ ಎಳೆಯುತ್ತಿದ್ದೆವು. ದೂರದಿಂದ ಹಕ್ಕಿ ನೋಡುತ್ತಿದ್ದ ಒಬ್ಬ ಹುಡುಗಿ ಓಡಿ ಬಂದು, "ಆಂಟಿ, ನಿಲ್ಲಿಸಿ, ಅದರಲ್ಲಿ ಮೊಟ್ಟೆ ಇದೆ" ಅಂದಳು. ಜಕಾನ ಹಕ್ಕಿಯ ಮೊಟ್ಟೆ. ಉದ್ದುದ್ದ ಬೆರಳಿನ, ಎಲೆಗಳ ಮೇಲೆಯೇ ನಡೆದಾಡುವ ಹಕ್ಕಿ. ಮಳೆಗಾಲದಲ್ಲಿ ತೇಲುವ ಗಿಡದ ಮೇಲೆ ಮೊಟ್ಟೆ ಇಡುತ್ತದೆ, ಕಾವು ಕೂರುವುದು ಗಂಡು. ನಾವು ಎಳೆದ ರಾಶಿಯಲ್ಲಿ ಆಗಲೇ ಎರಡು ಒಡೆದುಹೋಗಿದ್ದವು. ಅವತ್ತಿನಿಂದ ಜೂನ್ ಬಂದರೆ ಸಾಕು, ಕೊಕ್ಕೆ ಒಳಗಿಡುತ್ತೇವೆ. ಅಕ್ಟೋಬರ್ ಬರುವವರೆಗೆ ಮುಟ್ಟುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕಳೆ ವರ್ಷ ವರ್ಷ ಬಂದೇ ಬರುತ್ತಿತ್ತು. ಒಂದು ದಿನ ಎಂಜಿನಿಯರ್ ಸಾಹೇಬರು ಕೋಲು ಕೆಳಗಿಟ್ಟು, "ಇದಕ್ಕೆ ಊಟ ಹಾಕುತ್ತಿರುವವರು ಯಾರು ಅಂತ ನೋಡೋಣ" ಅಂದರು. ನಮ್ಮ ಕೆಲಸ ದಾರಿ ಬದಲಿಸಿದ್ದು ಆ ಮಾತಿನಿಂದ.

ಅವರು ಹೇಳಿಕೊಟ್ಟ ಉಪಾಯ ಬಹಳ ಸುಲಭ. ಮಳೆನೀರಿನ ಚರಂಡಿಯಲ್ಲಿ ಮಳೆಗಾಲದಲ್ಲಿ ನೀರು ಹರಿಯಬೇಕು. ಮೇ ತಿಂಗಳಲ್ಲಿ ಏನು ಹರಿಯಬೇಕು? ಏನೂ ಇಲ್ಲ. ತಿಂಗಳುಗಟ್ಟಲೆ ಹನಿ ಮಳೆ ಇಲ್ಲದಾಗಲೂ ಒಂದು ಚರಂಡಿ ಹರಿಯುತ್ತಿದೆ ಅಂದರೆ ಅದು ಹೆಚ್ಚಾಗಿ ಯಾರದೋ ಬಚ್ಚಲು, ಯಾರದೋ ಶೌಚಾಲಯ. ಆ ಕೊಳಚೆಯೇ ಕಳೆಗೆ ಗೊಬ್ಬರ. ಇದಕ್ಕೆ ಲ್ಯಾಬ್ ಬೇಡ, ಪರವಾನಗಿ ಬೇಡ. ಮೇ ತಿಂಗಳ ಬೆಳಿಗ್ಗೆ ಏಳರಿಂದ ಒಂಬತ್ತು, ಅಂದರೆ ಎಲ್ಲರ ಮನೆಯಲ್ಲೂ ಸ್ನಾನ ಪಾತ್ರೆ ನಡೆಯುವ ಹೊತ್ತು, ಕೆರೆಗೆ ಸೇರುವ ಒಂದೊಂದು ಚರಂಡಿಯ ಬಾಯಿಗೂ ಹೋಗಿ ನಿಂತೆವು. ಫೋನಿನಲ್ಲಿ ಫೋಟೊ, ಜಾಗದ ಗುರುತು, ತಾರೀಕು, ವೇಳೆ. ಮಧ್ಯಾಹ್ನ ಮೂರಕ್ಕೆ ಮತ್ತೆ ಅದೇ ಜಾಗಕ್ಕೆ. ಬೆಳಿಗ್ಗೆ ಜೋರಾಗಿ ಹರಿದು ಮಧ್ಯಾಹ್ನ ಕಡಿಮೆಯಾದರೆ ಅದು ಮನೆಗಳದ್ದು. ದಿನವಿಡೀ ಒಂದೇ ಸಮ ಇದ್ದರೆ ಕುಡಿಯುವ ನೀರಿನ ಪೈಪು ಎಲ್ಲೋ ಸೋರುತ್ತಿರಬಹುದು. ನನ್ನ ಬಳಿ ಇದಕ್ಕೆಂದೇ ಒಂದು ನೋಟ್‌ಬುಕ್ ಇದೆ. ಕೆಲವು ಹಾಳೆ ಇನ್ನೂ ವಾಸನೆ ಬರುತ್ತದೆ.

ಜತೆಗೆ ನೀರಿನಲ್ಲಿ ಕರಗಿದ ಆಮ್ಲಜನಕ ನೋಡುವ ಕಿಟ್ ತಂದೆವು. ಅದನ್ನು ಸೂರ್ಯ ಹುಟ್ಟುವ ಹೊತ್ತಿಗೆ ನೋಡಬೇಕು. ಹಗಲಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನ ಅಳೆದರೆ ಕೆರೆ ಆರೋಗ್ಯವಾಗಿದೆ ಅನ್ನಿಸುತ್ತದೆ. ರಾತ್ರಿ ಪಾಚಿ, ಮೀನು, ಕೊಳೆಯುವ ಕಸ ಎಲ್ಲವೂ ಸೇರಿ ಅದನ್ನು ಕುಡಿದು ಮುಗಿಸಿರುತ್ತವೆ. ಮೀನು ಸಾಯುವುದು ಬೆಳಗಿನ ಜಾವದಲ್ಲೇ. ಜನ ಸ್ನಾನ ಮಾಡುವ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು ಅಂತ ನಿಯಮ. ಚರಂಡಿಯ ಬಾಯಿಯ ಹತ್ತಿರ ನಮಗೆ ಅದರ ಹತ್ತಿರವೂ ಸಿಗಲಿಲ್ಲ.

ಹೀಗೆ ಗುರುತು ಮಾಡಿದ ಚರಂಡಿಗಳಲ್ಲಿ ಒಂದು, ನಾವು ಭಾನುವಾರ ಚಹಾ ಕುಡಿಯುವ ಜಾಗದ ಕೆಳಗೇ ಇತ್ತು. ದೂರು ಕೊಟ್ಟೆವು. ಒಂದು ಕಚೇರಿಯವರು ಇನ್ನೊಂದಕ್ಕೆ ಹೋಗಿ ಅಂದರು, ಅವರು ಮೂಲ ಎಲ್ಲಿ ತೋರಿಸಿ ಅಂದರು. ಸರಿ, ತೋರಿಸೋಣ ಅಂತ ಪ್ಲಂಬರುಗಳು ಸೋರಿಕೆ ಹುಡುಕಲು ಹಾಕುವ ಹಸಿರು ಬಣ್ಣದ ಪುಡಿ ತಂದೆವು. ಮೇಲಿನ ಒಂದೊಂದು ಕಟ್ಟಡದವರನ್ನೂ ಕೇಳಿ, ಒಂದೊಂದು ಶೌಚಾಲಯದಲ್ಲಿ ಸುರಿದು ನೀರು ಬಿಡುವುದು, ಕೆಳಗೆ ಚರಂಡಿಯ ಬಾಯಲ್ಲಿ ಶೆಟ್ರು ಫೋನ್ ಹಿಡಿದು ನಿಲ್ಲುವುದು. ಒಂದು ಕಟ್ಟಡ ಆಯಿತು, ಎರಡಾಯಿತು, ಏನೂ ಬರಲಿಲ್ಲ. ಕೊನೆಗೆ ನಮ್ಮದೇ ಸೊಸೈಟಿಯ ಬಿ ವಿಂಗ್. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಶೆಟ್ರ ದನಿ ಇಳಿದಿತ್ತು. "ಅಕ್ಕಾ, ಹಸಿರು ಬಂತು ಮಾರಾಯ್ರೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾವಾಗಲೋ ರಿಪೇರಿ ಮಾಡುವಾಗ ಒಳಚರಂಡಿಗೆ ಹೋಗಬೇಕಾದ ಪೈಪನ್ನು ಹತ್ತಿರ ಇದೆ ಅಂತ ಮಳೆನೀರಿನ ಚರಂಡಿಗೆ ಸೇರಿಸಿದ್ದರು. ಇಷ್ಟು ವರ್ಷ ಭಾನುವಾರ ಕೈಯಾರೆ ಎಳೆದ ಕಳೆಯನ್ನು ಸೋಮವಾರದಿಂದ ಶನಿವಾರದವರೆಗೆ ನಾವೇ ಸಾಕುತ್ತಿದ್ದೆವು.

ಸೊಸೈಟಿಯ ಸಭೆಯಲ್ಲಿ ಜೋರು ಮಾತಾಯಿತು. ಕಟ್ಟಡದ ದೊಡ್ಡ ರಿಪೇರಿಗೆಂದು ಕೂಡಿಟ್ಟ ಸಿಂಕಿಂಗ್ ಫಂಡ್ ಮುಟ್ಟಬಾರದು ಅಂದರು ಕೆಲವರು, ಊರಿಗೆಲ್ಲ ಇಲ್ಲದ್ದು ನಮಗ್ಯಾಕೆ ಅಂದರು ಕೆಲವರು. ನಾನು ಭಾಷಣ ಮಾಡಲಿಲ್ಲ. ಶೆಟ್ರು ತೆಗೆದ ವಿಡಿಯೊವನ್ನು ಟಿವಿಗೆ ಹಾಕಿದೆ. ಹಸಿರು ನೀರು ಕೆರೆಗೆ ಇಳಿಯುವುದನ್ನು ಎಲ್ಲರೂ ನೋಡಿದರು. ಪಾರ್ಕಿಂಗ್ ಶೆಡ್ ಕಟ್ಟುವುದನ್ನು ಮುಂದೂಡಿ ಪೈಪಿನ ಕೆಲಸ ಮೊದಲು ಮಾಡುವುದು ಅಂತ ಆಯಿತು.

ಕೆರೆಯ ದಡ ಉಳಿದದ್ದು ಮಾತ್ರ ನಮ್ಮಿಂದ ಅಲ್ಲ, ಅದನ್ನೂ ಹೇಳಬೇಕು. ನಗರಪಾಲಿಕೆ ಕೆರೆಯ ಸುತ್ತ ಸೈಕಲ್ ಟ್ರ್ಯಾಕ್ ಹಾಕಲು ಹೊರಟಾಗ ಐಐಟಿಯ ಇಬ್ಬರು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2022ರ ಮೇನಲ್ಲಿ ಬಾಂಬೆ ಹೈಕೋರ್ಟ್ ಆ ಕಾಮಗಾರಿ ಕಾನೂನಿಗೆ ವಿರುದ್ಧ ಅಂದಿತು, ಹಾಕಿದ್ದನ್ನು ತೆಗೆದು ಜಾಗ ಮೊದಲಿನಂತೆ ಮಾಡಿ ಅಂದಿತು. ಮೊಸಳೆ ಬಿಸಿಲು ಕಾಯಲು, ಮಣ್ಣು ತೋಡಿ ಮೊಟ್ಟೆ ಇಡಲು ದಡವೇ ಬೇಕು. ಟ್ರ್ಯಾಕಿಗಾಗಿ ದಡಕ್ಕೆ ಕಲ್ಲು ತುಂಬಿದ ಮೇಲೆ ಮೊಸಳೆ ಎಲ್ಲಿಗೆ ಹೋಗಬೇಕು? ಆ ಹುಡುಗರ ಮೇಲೆ ನನಗೆ ತುಂಬಾ ಗೌರವ.

ಗಣೇಶನ ಹಬ್ಬದಲ್ಲಿ ನಮ್ಮ ಸೊಸೈಟಿಗಳಲ್ಲಿ ಈಗ ಮಣ್ಣಿನ ಗಣಪನೇ. ವಿಸರ್ಜನೆ ಅಂಗಳದ ಡ್ರಮ್ಮಿನಲ್ಲಿ, ಹೂವು ಗೊಬ್ಬರದ ಗುಂಡಿಗೆ. ಕೊಳೆಯುವ ಹೂವೂ ಆಮ್ಲಜನಕ ತಿನ್ನುತ್ತದೆ ಅಂತ ಹೇಳಿದ ಮೇಲೆ ಅಜ್ಜಿಯರೂ ಒಪ್ಪಿದರು.

ಕಳೆದ ಮೇ ತಿಂಗಳಲ್ಲಿ ನೋಟ್‌ಬುಕ್ ಹಿಡಿದು ಮತ್ತೆ ಅದೇ ಚರಂಡಿಗೆ ಹೋದೆ. ಬೆಳಿಗ್ಗೆ ಏಳೂವರೆ. ಒಣಗಿತ್ತು, ಒಳಗೆ ಬರೀ ಧೂಳು, ಎಲೆ. ಅದರಾಚೆಯದು ಇನ್ನೂ ಹರಿಯುತ್ತಿದೆ. ಮೇಲಿನ ಕಟ್ಟಡದ ಸೆಕ್ರೆಟರಿಗೆ ಫೋನ್ ಮಾಡಿ ನಮ್ಮ ಬಿ ವಿಂಗಿನ ಕಥೆ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಭಾನುವಾರ ಪುಡಿ ತಗೊಂಡು ಬನ್ನಿ ಅಂದರು.