ಡಬ್ಬಿ ಕಾಳು, ಎಂಟು ನಿಮಿಷದ ಪಲ್ಯ: ನನ್ನ ಅನುಭವ

ಹೋದ ಭಾನುವಾರ ಹುಬ್ಬಳ್ಳಿ ನವನಗರದ ನಮ್ಮ ಮನೆಗೆ ಅಕ್ಕ ಬಂದಿದ್ದಳು. ಕಡಲೆ ಪಲ್ಯ ಎರಡನೇ ಸಲ ಬಡಿಸಿಕೊಂಡಳು. ವರ್ಷದ ಹಿಂದೆ "ಡಬ್ಬ್ಯಾಗಿನ ಕಾಳು ಮೈಕ್ರೋವೇವ್‌ನ್ಯಾಗ ಇಟ್ರ ಅಡಗಿ ಆಗತೈತೇನೋ ತಮ್ಮಾ?" ಎಂದಿದ್ದವಳು ಇವಳೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಲೆ ಮುಂದೆ ನಿಲ್ಲುವುದು ನನಗೆ ಆಗದ ಕೆಲಸ. ಬೆಳಗ್ಗೆ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ರಾತ್ರಿ ಊಟಕ್ಕೇ ಖಾನಾವಳಿಗೆ ತಿಂಗಳಿಗೆ ಸುಮಾರು 3,500 ರೂಪಾಯಿ ಹೋಗುತ್ತಿತ್ತು.

ಅದಕ್ಕೇ ಮೈಕ್ರೋವೇವ್‌ನಲ್ಲಿ ಡಬ್ಬಿ ಕಾಳಿನ ಅಡುಗೆ ಶುರು ಮಾಡಿದೆ. ಮೊದಲ ಎರಡು ತಿಂಗಳು ಬರೀ ಲುಕ್ಸಾನು. ಡಬ್ಬಿಯನ್ನು ನೀರಿನ ಸಮೇತ ಬೋಗುಣಿಗೆ ಸುರಿದು, ಈರುಳ್ಳಿ, ಖಾರ, ಉಪ್ಪು ಎಲ್ಲ ಒಟ್ಟಿಗೆ ಹಾಕಿ ಐದು ನಿಮಿಷ ಇಡುತ್ತಿದ್ದೆ. ಈರುಳ್ಳಿ ಹಸಿ, ಖಾರ ಹಸಿ, ಉಪ್ಪು ಬಾಯಿಗೆ ಇಡಲಾರದಷ್ಟು. ಡಬ್ಬಿ ನೀರಿನಲ್ಲೇ ಉಪ್ಪಿರುತ್ತದೆ ಅಲ್ವಾ, ಅದು ತಲೆಗೇ ಹೋಗಿರಲಿಲ್ಲ. ಹತ್ತು ಡಬ್ಬಿಯಾದರೂ ಚೆಲ್ಲಿದ್ದೇನೆ. ಅಂದರೆ 1,300 ರೂಪಾಯಿ. ಒಮ್ಮೆ ಪ್ಲಾಸ್ಟಿಕ್ ಬೋಗುಣಿಯಲ್ಲಿ ಎಣ್ಣೆ ಕಾಯಿಸಲು ಹೋಗಿ ತಳವೇ ಕರಗಿತು. ಎಣ್ಣೆ ಕುದಿಯುವ ನೀರಿಗಿಂತ ಜಾಸ್ತಿ ಕಾಯುತ್ತದೆ, ಪ್ಲಾಸ್ಟಿಕ್ ತಡೆಯುವುದಿಲ್ಲ. ಓವನ್‌ಗೆ ನಡೆಯುವ ದಪ್ಪ ಗಾಜಿನ ಬೋಗುಣಿಗೆ ಮತ್ತೆ 400 ಕೊಟ್ಟೆ.

ಆಮೇಲೆ ಒಂದು ವಿಷಯ ಹೊಳೆಯಿತು. ಡಬ್ಬಿಯೊಳಗಿನ ಕಾಳು ಬೆಂದೇ ಇರುತ್ತದೆ. ಬಾಕಿ ಇರುವುದು ಒಗ್ಗರಣೆ ಮಾತ್ರ. ಹಾಗಾಗಿ ಒಗ್ಗರಣೆಯನ್ನೇ ಮೊದಲು ಮಾಡಬೇಕು.

ನನ್ನ ಮೈಕ್ರೋವೇವ್ 800 ವ್ಯಾಟ್‌ನದು. ಎರಡು ಚಮಚ ಎಣ್ಣೆ, ಸಾಸಿವೆ ಹಾಕಿ, ಮೇಲೆ ಗಾಜಿನ ತಟ್ಟೆ ಮುಚ್ಚಿ ಮೂರು ನಿಮಿಷ. ಎರಡು ನಿಮಿಷ ಏನೂ ಸದ್ದಿರುವುದಿಲ್ಲ. ಆಮೇಲೆ ಒಂದು ಕಾಳು ಟಪ್ ಎಂದು ತಟ್ಟೆಗೆ ಹೊಡೆಯುತ್ತದೆ, ಹಿಂದೆಯೇ ಎಲ್ಲವೂ. ಆಗ ಬೆಳ್ಳುಳ್ಳಿ, ಕರಿಬೇವು, ಈರುಳ್ಳಿ ಹಾಕಿ ಎರಡು ನಿಮಿಷ. ಅರಿಶಿನ, ಮಸಾಲಿ ಖಾರ ಈರುಳ್ಳಿ ಮೆತ್ತಗಾದ ಮೇಲೇ ಬೀಳಬೇಕು, ಅರ್ಧ ನಿಮಿಷ ಸಾಕು. ಬರೀ ಎಣ್ಣೆಗೆ ಖಾರ ಹಾಕಿದರೆ ಸೀದು ಮನೆಯೆಲ್ಲ ಕೆಮ್ಮು. ಕೊನೆಗೆ ತೊಳೆದು ಬಸಿದ ಕಾಬೂಲಿ ಕಡಲೆ, ಮುಚ್ಚಿ ಎರಡು ನಿಮಿಷ. 400 ಗ್ರಾಂ ಡಬ್ಬಿಯಲ್ಲಿ ಕಾಳು ಸಿಗುವುದು 240 ಗ್ರಾಂ ಆಸುಪಾಸು. ಆಫ್ ಆದ ಮೇಲೂ ಎರಡು ನಿಮಿಷ ಮುಟ್ಟಬೇಡಿ, ನಡುವಿನ ಕಾಳಿಗೆ ಬಿಸಿ ಹಾಯುವುದು ಆಗಲೇ. ಮೇಲೆ ಶೇಂಗಾ ಪುಡಿ. ಆ ಪುಡಿಯ ಜೊತೆ ನಾನು ಇನ್ನೊಂದು ಹಾಕುತ್ತೇನೆ. ಅದು ನಮ್ಮ ಅವ್ವನ ಕಡೆಯಿಂದ ಬಂದದ್ದು, ನಮ್ಮ ಮನೆಯಲ್ಲೇ ಇರಲಿ.

ಒಣ ಕಡಲೆ ಅಗ್ಗ, ಒಪ್ಪುತ್ತೇನೆ. ಕಾಲು ಕೇಜಿಗೆ 35-40 ಕೊಟ್ಟರೆ ಎರಡು ಡಬ್ಬಿಗಿಂತ ಜಾಸ್ತಿ ಕಾಳಾಗುತ್ತದೆ. ಆದರೆ ಹಿಂದಿನ ರಾತ್ರಿ ನೆನೆಹಾಕಲು ನೆನಪಿರಬೇಕಲ್ಲ! ಒಂದು ಡಬ್ಬಿ ನನಗೆ ಎರಡು ರಾತ್ರಿ ಬರುತ್ತದೆ. ಉಳಿದದ್ದನ್ನು ಡಬ್ಬಿಯಲ್ಲೇ ಬಿಡದೆ ಬೇರೆ ಪಾತ್ರೆಗೆ ಹಾಕಿ ಫ್ರಿಜ್‌ಗೆ ಇಡುತ್ತೇನೆ. ರೊಟ್ಟಿ ಹೊರಗಿನಿಂದ, ಮೂರಕ್ಕೆ 30. ಕರೆಂಟು ಒಂದು ಯೂನಿಟ್ಟಿನ ಆರನೇ ಒಂದು ಭಾಗದಷ್ಟು. ಈಗ ತಿಂಗಳಿಗೆ 3,000ದ ಆಸುಪಾಸಿನಲ್ಲಿ ಮುಗಿಯುತ್ತದೆ. ಉಬ್ಬಿದ ಡಬ್ಬಿ ಮಾತ್ರ ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ.

ಮೆತ್ತನೆ ರೊಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 20 ಸೆಕೆಂಡು ಇಟ್ಟರೆ ಸಾಕು, ಹೆಚ್ಚಾದರೆ ಚಕ್ಕಳ.

ರಾಜ್ಮಾ ಡಬ್ಬಿಯೂ ಇದೇ ದಾರಿಯಲ್ಲಿ ಆಗುತ್ತದೆ. ಅಣಬೆ ಡಬ್ಬಿ ಮೂರು ಸಲ ನೋಡಿದೆ, ಲೋಳೆ, ಬಿಟ್ಟೆ. ಅನಾನಸ್ ಡಬ್ಬಿಯ ಪಾಕವನ್ನೇ ಸಕ್ಕರೆ ಬದಲು ಹಾಕಿ ಮಾಡಿದ ಶಿರಾ ಮಾತ್ರ ಆಫೀಸಿನಲ್ಲಿ ಹತ್ತು ನಿಮಿಷ ಉಳಿಯಲಿಲ್ಲ. ಶೇಂಗಾ ಹುರಿಯುವುದೂ ಇದರಲ್ಲೇ: 100 ಗ್ರಾಂಗೆ ನಾಲ್ಕು ನಿಮಿಷ, ನಿಮಿಷಕ್ಕೊಮ್ಮೆ ಕೈಯಾಡಿಸಬೇಕು. ತೆಗೆದಾಗ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿ. ಅದು ಗೊತ್ತಾಗದೆ ಇನ್ನೊಂದು ನಿಮಿಷ ಇಟ್ಟು ಒಳಗೆಲ್ಲ ಕಪ್ಪು ಮಾಡಿಕೊಂಡಿದ್ದೆ.

ಝುಣಕ ಇನ್ನೂ ಕೈಗೆ ಹತ್ತಿಲ್ಲ. ಗಂಟು ಹೋಯಿತು, ಕಡಲೆ ಹಿಟ್ಟಿನ ಹಸಿ ವಾಸನೆ ಹೋಗಿಲ್ಲ. ಈ ಶನಿವಾರ ಹಿಟ್ಟನ್ನು ಮೊದಲು ಎಣ್ಣೆಯಲ್ಲಿ ಹುರಿದು ನೋಡುತ್ತೇನೆ.