ಹಳೆಯ ಬಾಕ್ಸ್‌ಸ್ಟರ್: ಸಾದಾ ಸಾಕೇ, ‘ಎಸ್’ ಬೇಕೇ?

ಅಮೆರಿಕದಲ್ಲಿ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಸ್ಪೋರ್ಟ್ಸ್ ಕಾರು ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. 2000ದ ಮಾದರಿಯಲ್ಲಿ ಸಾದಾ ಕಾರಿಗೆ 2.7 ಲೀಟರ್ ಎಂಜಿನ್, 217 ಅಶ್ವಶಕ್ತಿ, ಐದು ಗೇರ್. ಹೆಚ್ಚು ಶಕ್ತಿಯ ‘ಎಸ್’ ಆವೃತ್ತಿಗೆ 3.2 ಲೀಟರ್, 250 ಅಶ್ವಶಕ್ತಿ, ಆರು ಗೇರ್, ದೊಡ್ಡ ಬ್ರೇಕು. ಕಾಗದದ ಮೇಲೆ ಎಸ್ ಗೆದ್ದಿತು, ಸರಿ. ಆದರೆ ಇಷ್ಟು ವಯಸ್ಸಾದ ಕಾರಿನಲ್ಲಿ ನಾನು ಮೊದಲು ಕೇಳುವುದು ರಸೀದಿಗಳ ಕಡತವನ್ನು.

ಎಂಜಿನ್ ಒಳಗಿನ ಮಧ್ಯಂತರ ದಂಡವನ್ನು ಹಿಡಿದಿರುವ ಐಎಂಎಸ್ ಬೇರಿಂಗ್ ಕೈಕೊಟ್ಟರೆ ಎಂಜಿನ್ನೇ ಹೋಗುತ್ತದೆ. ಆ ಭಯ ಎರಡಕ್ಕೂ ಇದೆ. ಕ್ಲಚ್ ಬದಲಿಸಲು ಹೇಗೂ ಗೇರ್‌ಬಾಕ್ಸ್ ಇಳಿಸಬೇಕು, ಆಗಲೇ ಬೇರಿಂಗನ್ನೂ ಬದಲಿಸಿದ್ದಾರೆಯೇ ನೋಡಿ. ಆಯಿಲ್ ಫಿಲ್ಟರ್ ಬಿಚ್ಚಿಸಿ. ಅದರ ಮಡಿಕೆಗಳಲ್ಲಿ ಲೋಹದ ಚೂರು ಮಿನುಗಿದರೆ ಚೌಕಾಸಿಗೂ ನಿಲ್ಲದೆ ಎದ್ದು ಬನ್ನಿ. ಬಟ್ಟೆಯ ಚಾವಣಿಯ ಹಿಂದಿನ ನೀರಿನ ತೂತುಗಳಲ್ಲಿ ಎಲೆ ಕಟ್ಟಿಕೊಂಡಿದ್ದರೆ ಸೀಟಿನ ಕೆಳಗಿನ ಕಾರ್ಪೆಟ್ಟನ್ನೂ ಒತ್ತಿ ನೋಡಿ. ಅಲಾರಂ ನಿಯಂತ್ರಕ ಇರುವುದು ಅಲ್ಲೇ, ಒದ್ದೆಯಾದರೆ ಖರ್ಚು.

ರೇಸ್ ಟ್ರ್ಯಾಕಿಗೆ ಹೋಗುವವರು ಬ್ರೇಕಿಗಾಗಿಯಾದರೂ ಎಸ್ ಕೊಳ್ಳಲಿ. ಭಾನುವಾರ ಬೆಟ್ಟದ ರಸ್ತೆ ಸುತ್ತುವವರಿಗೆ, ದಾಖಲೆ ಪಕ್ಕಾ ಇರುವ ಸಾದಾ ಕಾರೇ ನನ್ನ ಆಯ್ಕೆ. ಉಳಿದ ಹಣದಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಕಂಪನಿಯ ಹೊಸ ಟೈರ್ ಹಾಕಿಸಿ.