ಖೋ-ಖೋ ಅಂಕಣದ ಪಕ್ಕ ಒಂದು ಪಾನಕದ ಅಂಗಡಿ

ನಾನು ಹಾಸನ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಹುದ್ದೆಯ ಹೆಸರು ದೈಹಿಕ ಶಿಕ್ಷಣ ಶಿಕ್ಷಕ ಅಂತಿದ್ದರೂ ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ನನ್ನ ವಿಷಯದ್ದು ಒಂದೂ ಇಲ್ಲ. ಜನವರಿ ಬಂತೆಂದರೆ ನನ್ನ ಪೀರಿಯಡ್ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಅದೇ ಹೊತ್ತಿಗೆ ನಮ್ಮ ಸಮಾಜದ ಮೇಡಂ ಕೂಡ ಒದ್ದಾಡುತ್ತಿರುತ್ತಾರೆ. ಅವರ ಪುಸ್ತಕದಲ್ಲಿ ಕೊನೆಗೆ ವ್ಯವಹಾರ ಅಧ್ಯಯನ ಎಂಬ ಭಾಗ ಇದೆ. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ. ಇತಿಹಾಸ ಮುಗಿಸಿ ಅಲ್ಲಿಗೆ ಬರುವಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಮಕ್ಕಳು ಪ್ರಶ್ನೋತ್ತರ ಉರು ಹೊಡೆದು ಬರೆದು ಬರುತ್ತಾರೆ.

ಊಟದ ಹೊತ್ತಲ್ಲಿ ಈ ಗೋಳು ಮಾತಾಡುತ್ತಾ, "ಬೇಸಿಗೆ ಶಿಬಿರಕ್ಕೆ ನಿಮ್ಮ ವ್ಯವಹಾರನೂ ಸೇರಿಸಿಬಿಡೋಣ ಬಿಡಿ ಮೇಡಂ" ಅಂದೆ. ಸುಮ್ನೆ ಅಂದ ಮಾತು. ಅವರು ನಿಜ ಮಾಡಿಕೊಂಡರು.

ಏಪ್ರಿಲ್ ಎರಡನೇ ವಾರ ರಜೆ ಶುರು. ಒಂಬತ್ತು ಮುಗಿಸಿದ 24 ಮಕ್ಕಳು ಹೆಸರು ಕೊಟ್ಟರು. ಬೆಳಿಗ್ಗೆ ಆರಕ್ಕೆ ಬನ್ನಿ ಅಂದೆ. ಬಂದವರು ಒಂಬತ್ತೇ ಜನ. ಸೋಮಾರಿಗಳು ಅಂತ ಬೈದುಕೊಂಡೆ. ವಿಚಾರಿಸಿದರೆ, ಆ ಹೊತ್ತಿಗೆ ಅರ್ಧ ಮಕ್ಕಳು ಕ್ಯಾನ್ ಹಿಡಿದು ಡೈರಿ ಮುಂದೆ ನಿಂತಿರುತ್ತಾರೆ. ನಮ್ಮ ಕಡೆ ಹಾಲು ಹಾಕುವುದು ಮಕ್ಕಳ ಕೆಲಸ. ಏಳೂಕಾಲಕ್ಕೆ ಬದಲಾಯಿಸಿದೆ, ಎಲ್ಲರೂ ಬಂದರು.

ಇನ್ನೊಂದು ತಪ್ಪೂ ನನ್ನದೇ. ಮೊದಲ ದಿನವೇ ಮೈದಾನಕ್ಕೆ ಹತ್ತು ಸುತ್ತು ಓಡಿಸಿದೆ. ಮೂರನೇ ದಿನ ಒಬ್ಬ ಹುಡುಗಿ ತಲೆ ತಿರುಗಿ ಕೂತುಬಿಟ್ಟಳು. ಖಾಲಿ ಹೊಟ್ಟೆಯಲ್ಲಿ ಬಂದಿದ್ದಳು. ಆಮೇಲೆ ನಿಯಮ ಮಾಡಿದೆ: ಅರ್ಧ ಅಕ್ಕಿ ರೊಟ್ಟಿಯೋ ಒಂದು ಬಾಳೆಹಣ್ಣೋ ತಿಂದೇ ಬರಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕುಡಿಯಬೇಕು. ಸುತ್ತು ಓಡಿಸುವುದನ್ನೇ ಬಿಟ್ಟೆ. ಖೋ-ಖೋದಲ್ಲಿ ಅದಕ್ಕಿಂತ ಜಾಸ್ತಿ ಓಟ ಇದೆ, ಓಡಿದ್ದು ಗೊತ್ತೂ ಆಗುವುದಿಲ್ಲ.

ಖೋ-ಖೋ ಹಿಡಿದದ್ದಕ್ಕೆ ಖರ್ಚೂ ಒಂದು ಕಾರಣ. ಎರಡು ಕಂಬ, ಒಂದು ಚೀಲ ಸುಣ್ಣದ ಪುಡಿ, ಅಷ್ಟೇ. ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ ಇರಬೇಕು. ನಮ್ಮಲ್ಲಿ ಒಂದು ಮೂಲೆಗೆ ಹೊಂಗೆ ಮರ ಅಡ್ಡ ಬಂತು. ಮರವನ್ನು ಬಿಟ್ಟು ಅಂಕಣವನ್ನೇ ಸ್ವಲ್ಪ ಕುಗ್ಗಿಸಿದೆವು. ತಂಡಕ್ಕೆ ಹನ್ನೆರಡು ಜನ, ಆಡುವವರು ಒಂಬತ್ತು. ಉಳಿದ ಮೂವರು ಸುಮ್ಮನೆ ಕೂರುತ್ತಾರಲ್ಲ, ನಾನು ಹಿಡಿದದ್ದು ಅವರನ್ನು. ಒಬ್ಬರು ಗಡಿಯಾರ ನೋಡಬೇಕು, ಒಬ್ಬರು ಅಂಕ ಬರೆಯಬೇಕು, ಇನ್ನೊಬ್ಬರು ಶಿಬಿರದ ಖರ್ಚು ಬರೆಯಬೇಕು. ದಿನಾ ಸರದಿ ಬದಲು.

ಆಟ ಮುಗಿದ ಮೇಲೆ ಒಂದು ಗಂಟೆ ಹೊಂಗೆ ಮರದ ಕೆಳಗೆ ವ್ಯವಹಾರದ ಪಾಠ. ಜಮೆ, ಖರ್ಚು ಅಂತ ಮೇಡಂ ಬೋರ್ಡಿನಲ್ಲಿ ಬರೆದಾಗ ಮಕ್ಕಳ ಮುಖದಲ್ಲಿ ಏನೂ ಇಲ್ಲ. ಮರುದಿನ ಅವರು, "ನಿಮ್ಮ ಮನೆಯ ಹಾಲಿನ ಪುಸ್ತಕ ತನ್ನಿ" ಅಂದರು. ಆಗ ನೋಡಬೇಕಿತ್ತು! ಎಷ್ಟು ಲೀಟರ್, ಎಷ್ಟು ಫ್ಯಾಟ್, ಏನು ದರ, ಬಿಲ್ಲಿನಲ್ಲಿ ಹಿಂಡಿಗೆ ಎಷ್ಟು ಹಿಡಿದುಕೊಂಡರು, ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ನನಗೇ ಗೊತ್ತಿರದ ಎಷ್ಟೋ ಸಂಗತಿ ಹೇಳಿದರು.

ಮೊದಲ ಭಾನುವಾರ ಪಾನಕದ ಅಂಗಡಿ ಇಟ್ಟೆವು. ಊರಿನ ಹುಡುಗರ ಕ್ರಿಕೆಟ್ ಮ್ಯಾಚ್ ಇತ್ತು, ಗಿರಾಕಿಗಳಿಗೆ ಬರ ಇರಲಿಲ್ಲ. ತಲೆಗೆ ಇಪ್ಪತ್ತು ರೂಪಾಯಿಯಂತೆ 480 ರೂಪಾಯಿ ಬಂಡವಾಳ. ಮನೆಯವರಿಂದ ಒಪ್ಪಿಗೆ ಪತ್ರ ಮೊದಲೇ ತರಿಸಿದ್ದೆ. ನಿಂಬೆಹಣ್ಣು, ಬೆಲ್ಲ, ಏಲಕ್ಕಿ, ಐಸು, ಪೇಪರ್ ಲೋಟ ಸೇರಿ 370 ಖರ್ಚಾಯಿತು. ಲೋಟಕ್ಕೆ ಹತ್ತು ರೂಪಾಯಿ. ಮಧ್ಯಾಹ್ನದೊಳಗೆ 41 ಲೋಟ ಹೋಯಿತು. "ಸಾರ್, 40 ರೂಪಾಯಿ ಲಾಭ!" ಅಂತ ಕುಣಿದರು.

ಡಬ್ಬಿ ಬಗ್ಗಿಸಿ ಎಣಿಸಿದರೆ 280 ಮಾತ್ರ.

ಹದಿಮೂರು ಲೋಟ ಸಾಲ ಹೋಗಿತ್ತು. ಅಣ್ಣಂದಿರು, ಮಾವಂದಿರು, "ಬರೆದುಕೋ, ಆಮೇಲೆ ಕೊಡ್ತೀನಿ" ಅಂದವರೇ ಎಲ್ಲ. ಪುಸ್ತಕ ಬರೆದ ಹುಡುಗಿ ಗಟ್ಟಿ ಆಸಾಮಿ. ಪಟ್ಟಿಯನ್ನು ಎಲ್ಲರ ಮುಂದೆ ಓದಿದಳು. ಕೊನೆಯ ಸಾಲು: "ಪಿ.ಟಿ. ಸಾರ್, 3 ಲೋಟ, 30 ರೂಪಾಯಿ." ಮೇಷ್ಟ್ರಿಗೆ ಯಾರು ದುಡ್ಡು ಕೇಳ್ತಾರೆ ಅಂತ ಬಿಸಿಲಿಗೆ ಕುಡಿಯುತ್ತಾ ಹೋಗಿದ್ದೆ. ಜೇಬಿಗೆ ಕೈ ಹಾಕಿ ಅಲ್ಲೇ ಕೊಟ್ಟೆ. ಉಳಿದ ನೂರು ರೂಪಾಯಿ ವಸೂಲಾಗಲು ಹನ್ನೊಂದು ದಿನ ಬೇಕಾಯಿತು. ಎರಡನೇ ಭಾನುವಾರ "ಸಾಲ ಇಲ್ಲ" ಎಂಬ ಬೋರ್ಡು ತಾನಾಗಿಯೇ ಬಂತು. ಸಾಲದ ಮೇಲೆ ನಾವು ಪಾಠ ಮಾಡಲೇ ಇಲ್ಲ.

ಆ ಮೊದಲ ಭಾನುವಾರವೇ ಮರದ ಕೆಳಗೆ ಒಂದು ಜಗಳವೂ ಆಗಿತ್ತು. ಅಂಗಡಿಯಲ್ಲಿ ನಿಂತವರ ಕೂಲಿಯನ್ನು ಖರ್ಚಿಗೆ ಬರೆಯಬೇಕೋ ಬೇಡವೋ ಅಂತ. "ನಮಗೆ ಯಾರೂ ದುಡ್ಡು ಕೊಟ್ಟಿಲ್ಲವಲ್ಲ" ಅಂತ ಒಂದು ಗುಂಪು. "ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತ ಗೊತ್ತಾಗಬೇಡವಾ" ಅಂತ ಇನ್ನೊಂದು. ಮೇಡಂ ಎರಡನೇ ಗುಂಪಿನ ಕಡೆ ನಿಂತರು. ಪುಟದ ಬದಿಗೆ ಒಂದು ಗೆರೆ ಎಳೆದು ಕೂಲಿಯನ್ನು ಬೇರೆ ಬರೆಯಿರಿ ಅಂದರು. ಹಾಗೆ ಬರೆದು ನೋಡಿದರೆ ಸಾಲ ಪೂರ್ತಿ ಬಂದರೂ ನಷ್ಟವೇ. ಮಕ್ಕಳಿಗೆ ಬೇಜಾರಾಯಿತು. ನನಗೂ ಆಯಿತು, ಸುಳ್ಳು ಯಾಕೆ.

ಭರಣಿ ಮಳೆ ಚೆನ್ನಾಗಿ ಬಿತ್ತು. ಮೇ ಎರಡನೇ ವಾರಕ್ಕೆ ಹಾಜರಿ ಇಳಿಯತೊಡಗಿತು. ಆಲೂಗಡ್ಡೆ ಬಿತ್ತನೆಯ ಕಾಲ. ಜಲಂಧರ್ ಕಡೆಯ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬಂದಿಳಿದರೆ ನಮ್ಮ ಕಡೆ ಯಾವ ಶಿಬಿರವೂ ನಡೆಯುವುದಿಲ್ಲ. ಗಡ್ಡೆ ಕುಯ್ಯುವುದಕ್ಕೆ ಮನೆಮಂದಿಯೆಲ್ಲ ಬೇಕು. ಹದಿನಾಲ್ಕು ಜನ ಉಳಿದಾಗ ನಿಲ್ಲಿಸಿದೆ.

ನಿಲ್ಲಿಸಿದ ನಾಲ್ಕನೇ ದಿನ ಒಬ್ಬ ಹುಡುಗನ ಅಪ್ಪ ಬೈಕಿನಲ್ಲಿ ಮನೆಗೇ ಬಂದರು. ಕೈಯಲ್ಲಿ ಮಗನ ನೋಟ್ ಪುಸ್ತಕ. ದೂರು ಹೇಳಲು ಬಂದಿದ್ದಾರೆ ಅಂದುಕೊಂಡೆ. ಹುಡುಗ ಹಿಂದಿನ ವರ್ಷದ ಆಲೂಗಡ್ಡೆಯ ಲೆಕ್ಕವನ್ನು ಅಪ್ಪನನ್ನೇ ಕೇಳಿ ಕೇಳಿ ಬರೆದಿದ್ದ. ಗಡ್ಡೆ, ಗೊಬ್ಬರ, ಉಳುಮೆ, ಅಂಗಮಾರಿ ರೋಗಕ್ಕೆ ಹೊಡೆದ ಔಷಧಿ. ಪುಟದ ಬದಿಗೆ ಒಂದು ಗೆರೆ. ಅದರಾಚೆ: ಅಪ್ಪನ ಕೂಲಿ, ಅಮ್ಮನ ಕೂಲಿ.

"ನಮ್ ಕೂಲಿನೂ ಬರೀಬೇಕಾ ಸಾ?" ಅಂತ ಕೇಳಿದರು.

ಬರೆದರೆ ಒಳ್ಳೆಯದು ಅಂದೆ. ಕಾಫಿ ಕುಡಿದು, ಆ ಪುಟವನ್ನೇ ಇನ್ನೊಂದು ಸಲ ನೋಡಿ, ಹೆಚ್ಚು ಮಾತಾಡದೆ ಹೋದರು. ಆ ವರ್ಷವೂ ಆಲೂಗಡ್ಡೆ ಹಾಕಿದರು. ಅರ್ಧ ಎಕರೆಗೆ ಮಾತ್ರ ಮುಸುಕಿನ ಜೋಳ ಬಿತ್ತಿದರು.